ನಾಳಿನ ಟೋಸ್ಟರ್‌ಗೆ ನಮ್ಮ ಬ್ರೆಡ್ ಗೊತ್ತಿರುತ್ತದೆಯೇ?

ಮನೆಗೆ ಬ್ರೆಡ್ ಬಂತೆಂದರೆ ಯಾರಿಗೋ ಜ್ವರ ಎಂದು ಅಕ್ಕಪಕ್ಕದವರು ತಿಳಿದುಕೊಳ್ಳುತ್ತಿದ್ದ ಕಾಲವೊಂದಿತ್ತು. ಡಾಕ್ಟರು 'ಅನ್ನ ಬೇಡ, ಎರಡು ದಿನ ಬ್ರೆಡ್ಡು ಹಾಲು ಕೊಡಿ' ಎಂದ ಮೇಲೆಯೇ ಅದು ಅಡುಗೆಮನೆಯ ಹೊಸ್ತಿಲು ದಾಟುತ್ತಿತ್ತು. ಜ್ವರ ಇಳಿದ ಮೇಲೆ ಉಳಿದ ನಾಲ್ಕು ತುಂಡುಗಳನ್ನು ಕಾವಲಿಯ ಮೇಲೆ ತುಪ್ಪ ಸವರಿ ಕಾಯಿಸಿ ಮಕ್ಕಳಿಗೆ ಕೊಟ್ಟರೆ ಅದೇ ಹಬ್ಬ.

ಬೆಂಗಳೂರಿನ ದಂಡು ಪ್ರದೇಶದ ಕಥೆ ಮಾತ್ರ ಬೇರೆ. 1809ರಲ್ಲಿ ಬ್ರಿಟಿಷರ ಪಡೆ ಹಲಸೂರಿನ ಬಳಿ ಬಂದು ನೆಲೆಸಿದಾಗ ಅದರ ಹಿಂದೆಯೇ ಬ್ರೆಡ್ಡೂ ಬಂತು. ಸಿಪಾಯಿಗಳಿಗೆ, ಅಧಿಕಾರಿಗಳಿಗೆ, ಅವರ ಬಂಗಲೆಗಳಿಗೆ ಬೆಳಗಾದರೆ ರೊಟ್ಟಿ ಬೇಕು; ಅದನ್ನು ಸುಡುವ ಭಟ್ಟಿಗಳೂ ಬೇಕು. 1898ರ ಪ್ಲೇಗಿನ ನಂತರ ಎದ್ದು ನಿಂತ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ, 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯ ಹೆಸರು ಇಂದಿಗೂ ಮನೆಮಾತು. ಶಿವಾಜಿನಗರದ ಚಹಾ ಅಂಗಡಿಗಳಲ್ಲಿ ರಸ್ಕು ಅದ್ದಿಕೊಂಡು ತಿನ್ನುವವರಿಗೆ ಜ್ವರದ ನೆಪ ಬೇಕಾಗಿಯೇ ಇರಲಿಲ್ಲ.

ಈಗ ಇಂದಿರಾನಗರದ ಯಾವುದಾದರೂ ಒಂದು ಮನೆಯ ಬೆಳಗಿನ ಏಳೂವರೆ ಗಂಟೆಯನ್ನು ಊಹಿಸಿಕೊಳ್ಳಿ. ಶಾಲೆಯ ವ್ಯಾನು ಬರಲು ಹತ್ತು ನಿಮಿಷವಿದೆ. ಹುಡುಗ ಟೋಸ್ಟರ್‌ನಲ್ಲಿ ಎರಡು ಸ್ಲೈಸ್ ಇಟ್ಟು ಹಿಡಿ ಒತ್ತಿದ್ದಾನೆ. ಒಂದು ನಿಮಿಷ ಕಳೆದಿಲ್ಲ, ಕರೆಂಟು ಹೋಯಿತು! 'ಟಕ್' ಎಂದು ಬ್ರೆಡ್ಡು ಮೇಲೆ ಹಾರಿತು. ಅಲ್ಲಲ್ಲಿ ಗೆರೆ ಮೂಡಿದ, ಅರೆಬಿಳಿ ಬ್ರೆಡ್ಡು. 'ಕರೆಂಟ್ ಬಂದ ಮೇಲೆ ಮತ್ತೆ ಒತ್ತು' ಎನ್ನುತ್ತಾರೆ ಅಮ್ಮ. ಮತ್ತೆ ಒತ್ತಿದರೆ ಅದು ಎರಡು ನಿಮಿಷ ಪೂರಾ ಕಾಯಿಸಿ ಕರಿ ಹಲಗೆ ಮಾಡಿ ಕೊಡುತ್ತದೆ. ಏಕೆಂದರೆ ಟೋಸ್ಟರ್‌ಗೆ ಬ್ರೆಡ್ಡು ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಗಡಿಯಾರ ಮಾತ್ರ.

ಕರೆಂಟು ಹೋದೊಡನೆ ಬ್ರೆಡ್ಡು ಹಾರುವುದೇಕೆ? ಇಂದಿನ ಸಾಮಾನ್ಯ ಟೋಸ್ಟರ್‌ಗಳಲ್ಲಿ ಒತ್ತಿದ ಹಿಡಿಯನ್ನು ಕೆಳಗೆ ಹಿಡಿದಿಡುವುದು ಒಂದು ಪುಟ್ಟ ವಿದ್ಯುತ್ಕಾಂತ. ಗುಂಡಿ ತಿರುಗಿಸಿ 3, 4 ಎಂದು ನಾವು ಇಡುವ ಅಂಕಿ ಒಂದು ಸಣ್ಣ ಎಲೆಕ್ಟ್ರಾನಿಕ್ ಮಂಡಲಕ್ಕೆ ಎಷ್ಟು ಹೊತ್ತು ಎಣಿಸಬೇಕೆಂದು ಹೇಳುತ್ತದೆ. ಎಣಿಕೆ ಮುಗಿದಾಗ ಕಾಂತದ ಶಕ್ತಿ ಕಡಿದು ಸ್ಪ್ರಿಂಗ್ ಬ್ರೆಡ್ಡನ್ನು ಮೇಲೆತ್ತುತ್ತದೆ. ವಿದ್ಯುತ್ ಹೋದರೂ ಅದೇ ಆಗುತ್ತದೆ. ಬೆಂಕಿ ಹತ್ತದಿರಲು ಇದು ಒಳ್ಳೆಯದೇ. ಆದರೆ ಎಷ್ಟು ಕಾದಿತ್ತು ಎಂಬ ಲೆಕ್ಕ ಅಳಿಸಿಹೋಗುತ್ತದೆ.

ಹಾಗಾದರೆ ಇನ್ನು ಇಪ್ಪತ್ತು ವರ್ಷದ ನಂತರ ಇದೇ ಹುಡುಗನ ಮನೆಯಲ್ಲಿ ಬ್ರೆಡ್ ಕಾಯುವುದು ಹೇಗೆ? ಲೇಸರ್‌ನಿಂದಲೇ? ಮೈಕ್ರೋವೇವ್‌ನಿಂದಲೇ? ಉತ್ತರ ಹುಡುಕಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಶಿವಾಜಿನಗರದಿಂದ ಹಲಸೂರು ದಾಟಿ ಹಳೇ ಮದರಾಸು ರಸ್ತೆ ಹಿಡಿದು ಕೆ.ಆರ್. ಪುರದವರೆಗೆ ಹೋದರೆ, ಬೇಕಾದ ವಿದ್ಯೆಗಳೆಲ್ಲ ದಾರಿಯ ಎಡಬಲದಲ್ಲೇ ಸಿಗುತ್ತವೆ.

ಕೆಂಡದಿಂದ ತಂತಿಗೆ

ಮೊದಲು ಭಟ್ಟಿ. ಸೌದೆ ಉರಿಸಿ, ಕೆಂಡ ಸರಿಸಿದ ಮೇಲೂ ಅದರ ಇಟ್ಟಿಗೆಗಳು ಗಂಟೆಗಟ್ಟಲೆ ಶಾಖ ಬಿಡುತ್ತಲೇ ಇರುತ್ತವೆ. ಆ ಶಾಖದ ದೊಡ್ಡ ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಬ್ರೆಡ್ಡು ಬೆಂದ ನಂತರ, ಆರುತ್ತಿರುವ ಭಟ್ಟಿಯೊಳಗೆ ಹಿಂದಿನ ದಿನದ ಬ್ರೆಡ್ಡನ್ನು ಕೊಯ್ದು ಒಣಗಿಸಿದರೆ ಅದೇ ರಸ್ಕು. ಉಳಿದ ಬ್ರೆಡ್ಡು, ಉಳಿದ ಶಾಖ. ಎರಡನ್ನೂ ಬಿಸಾಡದೆ ತಿಂಗಳುಗಟ್ಟಲೆ ಕೆಡದ ತಿನಿಸು ಮಾಡಿದ ಆ ಬುದ್ಧಿಗೆ ಸಮನಾದ ಯಂತ್ರ ಇನ್ನೂ ಬಂದಿಲ್ಲ ಎಂದರೆ ತಪ್ಪಾಗಲಾರದು.

ವಿದ್ಯುತ್ತಿನಿಂದ ಬ್ರೆಡ್ ಕಾಯಿಸುವ ಆಸೆಗೆ ಬಹುಕಾಲ ಅಡ್ಡ ನಿಂತದ್ದು ತಂತಿ. ಕಬ್ಬಿಣದ ತಂತಿ ಕೆಂಪಗೆ ಕಾದರೆ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗಿ ತುಂಡಾಗುತ್ತಿತ್ತು. 1905ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕಲ್ ಮತ್ತು ಕ್ರೋಮಿಯಂ ಬೆರೆಸಿ ನೈಕ್ರೋಮ್ ಎಂಬ ಮಿಶ್ರಲೋಹ ಮಾಡಿದ. ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಅದೇ 1905ರ ಆಗಸ್ಟ್‌ನಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಒಂದು ಕಡೆ ತಂತಿ, ಇನ್ನೊಂದು ಕಡೆ ಕರೆಂಟು. ಎರಡೂ ಒಂದೇ ವರ್ಷ ಹುಟ್ಟಿದವು ಎನ್ನಬೇಕು!

1909ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಮನೆಬಳಕೆಯ ಟೋಸ್ಟರ್ ಮಾರಿತು. ಒಂದೊಂದು ಬದಿಯೇ ಕಾಯುತ್ತಿದ್ದ ಅದರ ಮುಂದೆ ಕಾವಲು ನಿಲ್ಲಬೇಕಾಗಿತ್ತು. ಕಾರ್ಖಾನೆಯ ಕ್ಯಾಂಟೀನಿನ ಸುಟ್ಟ ಬ್ರೆಡ್ಡಿನಿಂದ ರೋಸಿದ ಚಾರ್ಲ್ಸ್ ಸ್ಟ್ರೈಟ್ ಎಂಬ ಮೆಕ್ಯಾನಿಕ್, ತಾನಾಗಿ ನಿಂತು ಬ್ರೆಡ್ಡನ್ನು ಹೊರಹಾಕುವ ಯಂತ್ರಕ್ಕೆ 1921ರಲ್ಲಿ ಪೇಟೆಂಟ್ ಪಡೆದ. ಸ್ವಾರಸ್ಯವೆಂದರೆ ಬ್ರೆಡ್ಡನ್ನು ಒಂದೇ ದಪ್ಪಕ್ಕೆ ಕೊಯ್ದು ಮಾರುವ ಯಂತ್ರ ಬಂದದ್ದು ಅದರ ನಂತರ, 1928ರಲ್ಲಿ. ನಮ್ಮಲ್ಲಿ ಕೊಯ್ದ ಬ್ರೆಡ್ಡನ್ನು ಬೀದಿಬೀದಿಗೆ ಮುಟ್ಟಿಸಿದವರಲ್ಲಿ 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಮಾಡರ್ನ್ ಬೇಕರೀಸ್ ಮುಖ್ಯವಾದದ್ದು. 2000ದಲ್ಲಿ ಅದು ಹಿಂದುಸ್ತಾನ್ ಲಿವರ್ ಪಾಲಾಯಿತು.

ಇಲ್ಲಿ ವಿದ್ಯಾರ್ಥಿಗಳಿಗೊಂದು ಎಚ್ಚರಿಕೆಯ ಕಥೆಯಿದೆ. ಟೋಸ್ಟರ್ ಕಂಡುಹಿಡಿದವನು 1893ರ ಸ್ಕಾಟ್ಲೆಂಡಿನ ಒಬ್ಬ ವಿಜ್ಞಾನಿ ಎಂದು ವಿಕಿಪೀಡಿಯದಲ್ಲಿ ಹತ್ತು ವರ್ಷ ಅಚ್ಚುಕಟ್ಟಾದ ಲೇಖನವೊಂದಿತ್ತು, ಹಳೆಯ ಫೋಟೋ ಸಮೇತ. ಪತ್ರಿಕೆಗಳು ಅದನ್ನು ಎತ್ತಿ ಬರೆದವು. ಅಲ್ಲಿನ ಶಾಲೆಯೊಂದು ಆತನ ಗೌರವಾರ್ಥ ದಿನವನ್ನೇ ಆಚರಿಸಿತು. 2022ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿಗೆ ಆ ಫೋಟೋ ಕಂಪ್ಯೂಟರಿನಲ್ಲಿ ತಿದ್ದಿದಂತೆ ಕಂಡಿತು. ಕೆದಕಿದಾಗ ಗೊತ್ತಾದದ್ದು, ಅಂಥ ವಿಜ್ಞಾನಿಯೇ ಇರಲಿಲ್ಲ! 2012ರಲ್ಲಿ ಕಾಲೇಜು ಹುಡುಗರು ತಮಾಷೆಗೆಂದು ಗೆಳೆಯನ ಹೆಸರು ಸೇರಿಸಿದ್ದರು. ದೊಡ್ಡವರು ಹತ್ತು ವರ್ಷ ನಂಬಿದ್ದನ್ನು ಒಬ್ಬ ಹುಡುಗ ಸುಮ್ಮನೆ ಕಣ್ಣಿಟ್ಟು ನೋಡಿ ಹಿಡಿದ.

ಕಂದು ಬಣ್ಣದ ಲೆಕ್ಕ

ನಾಳಿನ ಯಂತ್ರ ಮಾಡುವವರು ಮೊದಲು ತಿಳಿಯಬೇಕಾದದ್ದು ಬ್ರೆಡ್ಡಿನೊಳಗೆ ನಡೆಯುವುದೇನು ಎಂಬುದನ್ನು. ಒಂದು ಸ್ಲೈಸಿನ ತೂಕ ಸುಮಾರು 30 ಗ್ರಾಂ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರು. ಮೇಲ್ಮೈಯ ನೀರು ಆರುವವರೆಗೆ ಅಲ್ಲಿನ ಉಷ್ಣಾಂಶ 100 ಡಿಗ್ರಿ ದಾಟುವುದು ಕಷ್ಟ. ಆರಿದ ಮೇಲೆ 140 ಡಿಗ್ರಿಯ ಆಸುಪಾಸಿನಲ್ಲಿ ಹಿಟ್ಟಿನ ಸಕ್ಕರೆಗಳೂ ಪ್ರೋಟೀನಿನ ಅಮೈನೋ ಆಮ್ಲಗಳೂ ಬೆರೆತು ಕಂದು ಬಣ್ಣ, ಆ ಪರಿಮಳ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಇದು ಮಯ್ಯಾರ್ ಕ್ರಿಯೆ. ದೋಸೆಯ ಹೊಂಬಣ್ಣವೂ ಕಾಫಿಬೀಜದ ಘಮವೂ ಇದರ ಬಂಧುಗಳೇ.

ಪಿಯುಸಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. 800 ವಾಟ್‌ನ ಟೋಸ್ಟರ್ ಎರಡು ನಿಮಿಷ ಉರಿದರೆ ಖರ್ಚು 96 ಕಿಲೋಜೌಲ್. ಎರಡು ಸ್ಲೈಸ್‌ಗಳಿಂದ ಒಟ್ಟು 8 ಗ್ರಾಂ ನೀರು ಆವಿಯಾಯಿತೆಂದುಕೊಂಡರೆ ಅದಕ್ಕೆ ಸುಮಾರು 18 ಕಿಲೋಜೌಲ್. ಬ್ರೆಡ್ಡನ್ನು ಬಿಸಿ ಮಾಡಲು ಇನ್ನೊಂದು ಹನ್ನೆರಡು. ಅಂದರೆ ಕೆಲಸಕ್ಕೆ ಬಂದದ್ದು ಮೂರರಲ್ಲಿ ಒಂದು ಪಾಲು. ಉಳಿದದ್ದು ಅಡುಗೆಮನೆಯ ಗಾಳಿಗೆ. ಆದರೂ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಸ್ಲೈಸ್ ಕಾಯಿಸಬಹುದು. ಟೋಸ್ಟರ್‌ನಿಂದ ಬಿಲ್ಲು ಏರಿತೆಂದು ದೂರುವ ತಂದೆಯವರು ಗೀಸರ್ ಕಡೆ ನೋಡುವುದು ಮೇಲು.

ಆ ಕೆಂಪು ತಂತಿಯ ಇನ್ನೊಂದು ಗುಟ್ಟು: ಸುಮಾರು 700 ಡಿಗ್ರಿಯಲ್ಲಿ ಅದು ಅತಿ ಹೆಚ್ಚಾಗಿ ಸೂಸುವುದು 3 ಮೈಕ್ರಾನ್ ಅಲೆಯುದ್ದದ ಅವಕೆಂಪು ಕಿರಣಗಳನ್ನು. ನೀರು ಅತ್ಯಂತ ಆತುರದಿಂದ ಹೀರುವುದೂ ಅದೇ ಅಲೆಯುದ್ದವನ್ನು! ಯಾರೂ ಉದ್ದೇಶಿಸದೆ ಕೂಡಿಬಂದ ಜೋಡಿ ಇದು. ನೂರು ವರ್ಷಗಳಿಂದ ನೈಕ್ರೋಮ್ ತಂತಿಯನ್ನು ಯಾರೂ ಓಡಿಸಲಾಗದಿರುವುದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಕಾರಣ.

ರಾಡಾರ್, ಲೇಸರ್, ಟೆಲಿಫೋನು

ಹಳೇ ಮದರಾಸು ರಸ್ತೆಯಲ್ಲಿ ಮುಂದೆ ಸಾಗಿದರೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಸಿಗುತ್ತಿತ್ತು. ಜರ್ಮನಿಯ ಎಇಜಿ ಸಹಯೋಗದಿಂದ ಮೋಟಾರು, ಟ್ರಾನ್ಸ್‌ಫಾರ್ಮರು ತಯಾರಿಸುತ್ತಿದ್ದ, ಈಗ ಬಾಗಿಲು ಮುಚ್ಚಿರುವ ಕಾರ್ಖಾನೆ. ಅಲ್ಲೇ ಸಮೀಪ, ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಇದೆ. ರಾಡಾರಿಗೂ ಅಡುಗೆಗೂ ಹಳೆಯ ನಂಟು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ರಾಡಾರಿನ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನ ಸಿಹಿ ಕರಗಿದ್ದರಿಂದಲೇ ಮೈಕ್ರೋವೇವ್ ಒಲೆ ಹುಟ್ಟಿತು.

ಆದರೆ ಮೈಕ್ರೋವೇವ್‌ನಲ್ಲಿ ಬ್ರೆಡ್ ಇಟ್ಟು ನೋಡಿದವರಿಗೆ ಗೊತ್ತು, ಅದು ಕಂದಾಗುವುದಿಲ್ಲ. ಮೆತ್ತಗಾಗಿ, ಆಮೇಲೆ ರಬ್ಬರಿನಂತೆ ಜಗ್ಗುತ್ತದೆ. 12 ಸೆಂಟಿಮೀಟರ್ ಉದ್ದದ ಆ ಅಲೆಗಳು ಮೇಲ್ಮೈಯಲ್ಲಿ ನಿಲ್ಲದೆ ಒಳಗಿನ ನೀರನ್ನೆಲ್ಲ ಒಟ್ಟಿಗೆ ಕಾಯಿಸುತ್ತವೆ. ಸುತ್ತಲಿನ ಗಾಳಿ ತಣ್ಣಗೇ ಇರುತ್ತದೆ. 140 ಡಿಗ್ರಿ ಮುಟ್ಟಬೇಕಾದ ಜಾಗ ಮುಟ್ಟುವುದೇ ಇಲ್ಲ. ನಾಳಿನ ಯಂತ್ರದಲ್ಲಿ ಮೈಕ್ರೋವೇವ್‌ಗೆ ಕೆಲಸವಿಲ್ಲವೆಂದಲ್ಲ. ಫ್ರಿಜ್‌ನಲ್ಲಿ ಗಡ್ಡೆಕಟ್ಟಿದ ಬ್ರೆಡ್ಡನ್ನು ಮೊದಲು ಐದಾರು ಸೆಕೆಂಡು ಒಳಗಿನಿಂದ ಹದಕ್ಕೆ ತಂದು, ನಂತರ ತಂತಿಗೆ ಒಪ್ಪಿಸುವ ಜೋಡಿಯಂತ್ರವನ್ನು ಊಹಿಸಬಹುದು. (ಬ್ರೆಡ್ಡು ಹಳಸಲಾಗಿ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ, ಪಿಷ್ಟದ ಅಣುಗಳು ಮತ್ತೆ ಒತ್ತಾಗಿ ಜೋಡಿಕೊಳ್ಳುವುದರಿಂದ. ಫ್ರಿಜ್ಜಿನ ತಂಪಿನಲ್ಲಿ ಅದು ಇನ್ನೂ ಬೇಗ. ಬಿಸಿ ಮಾಡಿದರೆ ಅಣುಗಳು ಮತ್ತೆ ಸಡಿಲಗೊಳ್ಳುತ್ತವೆ. ಮಿಕ್ಕ ಬ್ರೆಡ್ಡಿಗೆ ಟೋಸ್ಟ್ ಮರುಜನ್ಮವಾಗುವುದು ಹೀಗೆ.)

ಲೇಸರ್ ಮಾತು ಬರೀ ಕಥೆಯಲ್ಲ. 2021ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ನೀಲಿ ಮತ್ತು ಅವಕೆಂಪು ಲೇಸರ್‌ಗಳಿಂದ ಕೋಳಿಮಾಂಸ ಬೇಯಿಸಿ ತೋರಿಸಿದರು. ಕಂಪ್ಯೂಟರ್ ಹೇಳಿದ ಜಾಗದಲ್ಲಿ, ಹೇಳಿದಷ್ಟೇ ಆಳಕ್ಕೆ ಶಾಖ. ಬ್ರೆಡ್ಡಿಗೆ ಇದು ಹೇಳಿ ಮಾಡಿಸಿದಂತಿದೆ: ಮೇಲಿನ ಒಂದೆರಡು ಮಿಲಿಮೀಟರ್ ಗರಿಗರಿ, ಒಳಗೆ ಹತ್ತಿಯಂತೆ ಮೆದು. ತಂಗಿಯ ಹುಟ್ಟುಹಬ್ಬಕ್ಕೆ ಬ್ರೆಡ್ಡಿನ ಮೇಲೆ ಅವಳ ಹೆಸರು ಬರೆಯಬಹುದು. ತೊಡಕೂ ಇದೆ. ಹತ್ತೇ ಸೆಕೆಂಡಿನಲ್ಲಿ ಒಂದು ಸ್ಲೈಸಿಗೆ 15 ಕಿಲೋಜೌಲ್ ಕೊಡಬೇಕೆಂದರೆ ಒಂದೂವರೆ ಕಿಲೋವಾಟ್ ಬೆಳಕು ಬೇಕು. ಅಷ್ಟು ಬೆಳಕು ಹುಟ್ಟಿಸಲು ಮೂರು ಕಿಲೋವಾಟ್ ಕರೆಂಟು. ಮನೆಯ ಸಾಮಾನ್ಯ ಪಾಯಿಂಟು ಅದನ್ನು ತಾಳುವುದಿಲ್ಲ. ಅಂಥ ಕಿರಣದ ಎದುರು ಮಗುವಿನ ಕಣ್ಣು ಬಂದರಂತೂ ಮುಗಿಯಿತು. ಎರಡು ನಿಮಿಷ ಕಾಯಲಾಗದ ಅವಸರಕ್ಕೆ ಇಷ್ಟು ದೊಡ್ಡ ಅಪಾಯ ತಲೆಗೆ ಕಟ್ಟಿಕೊಳ್ಳಬೇಕೇ?

ರಸ್ತೆಯ ಕೊನೆಯಲ್ಲಿ, ಕೆ.ಆರ್. ಪುರದ ಬಳಿಯ ದೂರವಾಣಿನಗರ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶದ ಮನೆಮನೆಗೆ ಕಪ್ಪು ಟೆಲಿಫೋನು ಕೊಟ್ಟ ಜಾಗ. ಟೋಸ್ಟರ್‌ಗೂ ದೂರಸಂಪರ್ಕಕ್ಕೂ ಏನು ಸಂಬಂಧ ಎನ್ನುವಿರಾ? 1990ರಲ್ಲಿ ಅಮೆರಿಕದ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರಾಂಕಿ ಎಂಬ ಎಂಜಿನಿಯರ್ ಒಂದು ಸನ್‌ಬೀಮ್ ಟೋಸ್ಟರನ್ನು ಇಂಟರ್‌ನೆಟ್ಟಿಗೆ ಜೋಡಿಸಿ ಕಂಪ್ಯೂಟರಿನಿಂದ ಹಚ್ಚಿ ಆರಿಸಿದ. ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಐದು ವರ್ಷ ಮೊದಲೇ ಟೋಸ್ಟರ್ ಅಲ್ಲಿಗೆ ತಲುಪಿತ್ತು! ಆದರೆ ಬ್ರೆಡ್ಡನ್ನು ಕೈಯಿಂದಲೇ ಇಡಬೇಕಾಗಿತ್ತು. ಮರುವರ್ಷ ಅದಕ್ಕೊಂದು ಆಟಿಕೆ ಕ್ರೇನ್ ಜೋಡಿಸಿದರು. 2001ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಯೊಬ್ಬ ಆ ದಿನದ ಹವಾಮಾನ ತಿಳಿದುಕೊಂಡು ಬ್ರೆಡ್ಡಿನ ಮೇಲೆ ಸೂರ್ಯನನ್ನೋ ಮೋಡವನ್ನೋ ಸುಟ್ಟುಕೊಡುವ ಟೋಸ್ಟರ್ ಮಾಡಿದ. ಮುದ್ದಾದ ಕಲ್ಪನೆ. ಆದರೆ ಕಿಟಕಿ ತೆರೆದರೆ ಕಾಣುವ ಮೋಡವನ್ನು ಬ್ರೆಡ್ಡಿನಲ್ಲಿ ನೋಡಬೇಕೇ ಎಂದು ಕೇಳುವ ಅಜ್ಜಿಯರಿಗೆ ಉತ್ತರ ಹೇಳುವುದು ಕಷ್ಟ.

ರಾಂಕಿ ಬಳಸಿದ ಆ ಸನ್‌ಬೀಮ್ ಮಾದರಿ 1949ರ ಸುಮಾರಿನ ಆವಿಷ್ಕಾರ. ಬ್ರೆಡ್ ಇಟ್ಟೊಡನೆ ತಾನೇ ಇಳಿಯುತ್ತಿತ್ತು. ಬ್ರೆಡ್ಡಿನ ಮೈಯಿಂದ ಸೂಸುವ ಶಾಖವನ್ನೇ ಎರಡು ಲೋಹದ ಪಟ್ಟಿ ಅರಿತು, ಹದವಾದಾಗ ಆರಿಸುತ್ತಿತ್ತು. ಹಸಿ ಬ್ರೆಡ್ಡಿಗೆ ಹೆಚ್ಚು ಹೊತ್ತು, ಒಣ ಬ್ರೆಡ್ಡಿಗೆ ಕಡಿಮೆ. ಚಿಪ್ಪಿಲ್ಲ, ಕ್ಯಾಮೆರಾ ಇಲ್ಲ! ಎಪ್ಪತ್ತು ವರ್ಷದ ಹಿಂದೆಯೇ ಬ್ರೆಡ್ಡನ್ನು ಗಮನಿಸುತ್ತಿದ್ದ ಯಂತ್ರವನ್ನು ಬಿಟ್ಟು ಗಡಿಯಾರ ಎಣಿಸುವ ಯಂತ್ರಕ್ಕೆ ಜಗತ್ತು ಇಳಿದದ್ದು ಬೆಲೆಯ ಕಾರಣದಿಂದ. ಹೊಸದೆಲ್ಲ ಮುನ್ನಡೆಯಲ್ಲ.

ರಾಗಿ ಬ್ರೆಡ್ಡಿನ ತಕರಾರು

ನಾಳಿನ ಟೋಸ್ಟರ್‌ನಲ್ಲಿ ಕ್ಯಾಮೆರಾ ಇರುವುದು ಬಹುತೇಕ ಖಚಿತ. ಬ್ರೆಡ್ಡಿನ ಬಣ್ಣ ನೋಡಿ, ಹೊಂಬಣ್ಣ ಬಂದಾಗ ನಿಲ್ಲಿಸುವುದು ಅದರ ಕೆಲಸ. ಇದು ಕೇವಲ ಷೋಕಿಯಲ್ಲ. ಬ್ರೆಡ್ಡು ಕಪ್ಪಾದಷ್ಟೂ ಅದರಲ್ಲಿ ಅಕ್ರಿಲಮೈಡ್ ಎಂಬ ವಸ್ತು ಹೆಚ್ಚುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ಸಂಶೋಧನೆಯ ನಂತರ ಗೊತ್ತಾಯಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್‌ಕಾರಕ. ಒಂದು ದಿನ ಕರಗಾದ ಟೋಸ್ಟ್ ತಿಂದರೆ ಹೆದರಬೇಕಿಲ್ಲ. ಆದರೆ ನಿತ್ಯ ತಿನ್ನುವ ಮಕ್ಕಳಿಗೆ ಹೊಂಬಣ್ಣದಲ್ಲೇ ನಿಲ್ಲಿಸಿ ಎಂದು ಬ್ರಿಟನ್ನಿನ ಆಹಾರ ಇಲಾಖೆ 2017ರಲ್ಲಿ ಪ್ರಚಾರವನ್ನೇ ನಡೆಸಿತು.

ಇಲ್ಲಿಯೇ ನಮ್ಮೂರಿನ ಪ್ರಶ್ನೆ ಏಳುತ್ತದೆ. ಎಲ್ಲೋ ದೂರದಲ್ಲಿ ಬಿಳಿ ಬ್ರೆಡ್ಡಿನ ಸಾವಿರಾರು ಚಿತ್ರ ತೋರಿಸಿ ಪಾಠ ಹೇಳಿಕೊಟ್ಟ ಕ್ಯಾಮೆರಾದ ಎದುರು ರಾಗಿ ಬ್ರೆಡ್ ಇಟ್ಟರೆ? ಅದು ಇಡುವ ಮೊದಲೇ ಕಂದು! 'ಆಗಲೇ ಸುಟ್ಟಿದೆ' ಎಂದು ಯಂತ್ರ ಅದನ್ನು ಹಸಿಯಾಗಿಯೇ ಹಿಂದಿರುಗಿಸೀತು. ಇನ್ನು ಬೆಂಗಳೂರಿನ ಬೇಕರಿಗಳ ಸ್ವೀಟ್ ಬ್ರೆಡ್. ಸಕ್ಕರೆ ಜಾಸ್ತಿಯಿರುವುದರಿಂದ ಅದು ಸಾಲ್ಟ್ ಬ್ರೆಡ್ಡಿಗಿಂತ ಬೇಗ ಕಪ್ಪಾಗುತ್ತದೆ. ಒಂದೇ ಗುಂಡಿ, ಒಂದೇ ಅಂಕಿ ಎರಡಕ್ಕೂ ಹೊಂದುವುದಿಲ್ಲ. ಕೈಯಿಂದ ಕೊಯ್ದ ದಪ್ಪ ಹೋಳುಗಳು ಟೋಸ್ಟರ್‌ನ ಬಾಯಿಗೇ ಹಿಡಿಯುವುದಿಲ್ಲ. ತುಪ್ಪ, ಈರುಳ್ಳಿ, ಹಸಿಮೆಣಸಿನಕಾಯಿ ಹರಡಿದ ಖಾರಾ ಟೋಸ್ಟನ್ನು ನಿಲ್ಲಿಸಿ ಕಾಯಿಸಲು ಸಾಧ್ಯವೇ? ಅದಕ್ಕೆ ಕಾವಲಿಯೇ ಗತಿ.

ಬಣ್ಣದ ಬದಲು ತೂಕ ನೋಡುವ ಯಂತ್ರವನ್ನು ಮಾಡಿದರೆ ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಳಗಿರುವಂಥ ಪುಟ್ಟ ಸಂವೇದಕ ಬ್ರೆಡ್ಡಿನ ಕೆಳಗಿದ್ದರೆ, 30 ಗ್ರಾಂ ಸ್ಲೈಸ್ 26 ಗ್ರಾಂಗೆ ಇಳಿದಾಗ ನಿಲ್ಲಿಸಬಹುದು. ರಾಗಿಯೋ ಮೈದಾವೋ, ಹಸಿಯೋ ಹಳತೋ, ನೀರು ಹೋದದ್ದು ಹೋದದ್ದೇ. ಕರೆಂಟು ಹೋಗಿ ಬಂದರೂ ಲೆಕ್ಕ ತಪ್ಪುವುದಿಲ್ಲ; ಅರ್ಧ ಕಾದ ಬ್ರೆಡ್ಡಿನ ಲೆಕ್ಕ ಬ್ರೆಡ್ಡಿನ ತೂಕದಲ್ಲೇ ಉಳಿದಿರುತ್ತದೆ. ಜೊತೆಗೆ ಒಂದು ಬಣ್ಣದ ಸಂವೇದಕ, ಬಣ್ಣವನ್ನಲ್ಲ, ಬಣ್ಣದಲ್ಲಾದ ಬದಲಾವಣೆಯನ್ನು ಗಮನಿಸಲು. ಇದಕ್ಕೆ ಬೇಕಾದ ಬಿಡಿಭಾಗಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆಟುಕದವೇನೂ ಅಲ್ಲ. ಬ್ರೆಡ್ಡಿನ ಗುಣ ತಿಳಿಯಬೇಕೆಂದರೆ 1950ರಿಂದ ಆಹಾರ ತಂತ್ರಜ್ಞಾನದಲ್ಲಿ ದುಡಿಯುತ್ತಿರುವ ಸಿಎಫ್‌ಟಿಆರ್‌ಐ ಮೈಸೂರಿನಲ್ಲೇ ಇದೆ.

ಟೋಸ್ಟರ್ ಎಂದರೆ ಸುಲಭದ ಯಂತ್ರ ಎಂದುಕೊಂಡವರಿಗೆ ಥಾಮಸ್ ಥ್ವೇಟ್ಸ್‌ನ ಅನುಭವ ಹೇಳಬೇಕು. ಲಂಡನ್ನಿನ ಈ ವಿನ್ಯಾಸ ವಿದ್ಯಾರ್ಥಿ 2009ರ ಸುಮಾರಿಗೆ, ಅದಿರಿನಿಂದ ಹಿಡಿದು ಎಲ್ಲವನ್ನೂ ತಾನೇ ಮಾಡಿ ಟೋಸ್ಟರ್ ಕಟ್ಟಲು ಹೊರಟ. ನಾಲ್ಕು ಪೌಂಡಿಗೂ ಕಡಿಮೆ ಬೆಲೆಯ ಟೋಸ್ಟರೊಂದನ್ನು ಬಿಚ್ಚಿದರೆ ನಾನೂರಕ್ಕೂ ಹೆಚ್ಚು ಭಾಗಗಳು! ಗಣಿಗೆ ಹೋಗಿ ಅದಿರು ತಂದ, ಮೈಕ್ರೋವೇವ್ ಒಲೆಯಲ್ಲಿ ಕಬ್ಬಿಣ ಕರಗಿಸಿದ, ನಿಕಲ್‌ಗಾಗಿ ನಾಣ್ಯ ಕರಗಿಸಿದ. ಸುಮಾರು 1,200 ಪೌಂಡ್ ಖರ್ಚಾಯಿತು. ಕರೆಂಟಿಗೆ ಜೋಡಿಸಿದಾಗ ಅದು ಕೆಲಸ ಮಾಡಿದ್ದು ಸುಮಾರು ಐದು ಸೆಕೆಂಡು.

ಯಂತ್ರ ಬರುವವರೆಗೆ ಮನೆಯಲ್ಲೇ ಒಂದು ಪ್ರಯೋಗ ನಡೆಯಲಿ. ಇರುವ ಟೋಸ್ಟರನ್ನು ಮೂರು ಪಿನ್ನಿನ, ಅರ್ಥಿಂಗ್ ಇರುವ ಪ್ಲಗ್ಗಿಗೇ ಹಾಕಿ. ಇನ್ವರ್ಟರ್ ಲೈನಿಗೆ ಬೇಡ. ಸಿಕ್ಕಿಕೊಂಡ ಚೂರು ತೆಗೆಯಲು ಚಾಕು, ಫೋರ್ಕು ತೂರಿಸುವುದಂತೂ ಕೂಡದು. ಕೆಲವು ಟೋಸ್ಟರ್‌ಗಳಲ್ಲಿ ಆರಿಸಿದ ಮೇಲೂ ತಂತಿಯಲ್ಲಿ ವಿದ್ಯುತ್ ಇರಬಹುದು. ಪ್ಲಗ್ ಕಿತ್ತು, ಆರಿದ ಮೇಲೆ ತಲೆಕೆಳಗು ಮಾಡಿ ಕೊಡವಬೇಕು. ಪ್ರಯೋಗಕ್ಕೆ ಕಾವಲಿಯೇ ಸಾಕು, ಹತ್ತಿರ ದೊಡ್ಡವರೊಬ್ಬರು ಇರಲಿ. ಸಾಲ್ಟ್ ಬ್ರೆಡ್, ಸ್ವೀಟ್ ಬ್ರೆಡ್, ರಾಗಿ ಬ್ರೆಡ್, ತಲಾ ಒಂದು ಸ್ಲೈಸ್. ಕಾಯಿಸುವ ಮೊದಲು ಮತ್ತು ನಂತರ ತೂಕ ಮಾಡಿ, ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಡಿ. ತುಪ್ಪ ಸವರುವುದು ತೂಕ ಮಾಡಿದ ಮೇಲೆಯೇ. ಸ್ವೀಟ್ ಬ್ರೆಡ್ ಕಾಯಿಸುವಾಗ ಮಾತ್ರ ಕಣ್ಣು ತಪ್ಪಿಸಬೇಡಿ, ಉಳಿದೆರಡಕ್ಕಿಂತ ಮೊದಲೇ ಅದು ಕರಗಾಗುತ್ತದೆ.